ಸರ್ ಬೆನಗಲ್ ನರಸಿಂಗ ರಾವ್: ಸಂವಿಧಾನದ ಮೊದಲ ಕರಡನ್ನು ಬರೆದವರು

ಸರ್ ಬೆನಗಲ್ ನರಸಿಂಗ ರಾವ್ (1887–1953) ಸಂವಿಧಾನ ರಚನಾ ಸಭೆಯ ಸಂವಿಧಾನ ಸಲಹೆಗಾರರಾಗಿದ್ದರು. ಸಭೆಯ ಸದಸ್ಯರಾಗಿರಲಿಲ್ಲ, ಅಲ್ಲಿ ಮತ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಆದರೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿ ಕೆಲಸ ಆರಂಭಿಸಿದಾಗ ಅದರ ಮೇಜಿನ ಮೇಲಿದ್ದ ಮೊದಲ ಕರಡು ಅವರು ಸಿದ್ಧಪಡಿಸಿದ್ದು. ಜಿನಾಲಯಗಳ ಆಡಳಿತ, ಟ್ರಸ್ಟುಗಳ ಆಸ್ತಿ, ಸಮಾಜದ ಶಾಲಾ ಕಾಲೇಜುಗಳು, ಸಲ್ಲೇಖನ ವ್ರತ, ಅಲ್ಪಸಂಖ್ಯಾತ ಸ್ಥಾನಮಾನ ಎಂದು ಜೈನ ಸಮಾಜ ಇಂದು ಚರ್ಚಿಸುವ ಹೆಚ್ಚಿನ ವಿಷಯಗಳು ಕೊನೆಗೆ ಬಂದು ನಿಲ್ಲುವುದು ಸಂವಿಧಾನದ ಐದಾರು ವಿಧಿಗಳ ಮುಂದೆ. ಆ ವಿಧಿಗಳು ಹೇಗೆ ರೂಪುಗೊಂಡವು ಎಂದು ತಿಳಿಯಬೇಕಾದರೆ ಈ ದಕ್ಷಿಣ ಕನ್ನಡದ ಕಾನೂನು ಪಂಡಿತರ ಬದುಕನ್ನು ನೋಡಬೇಕು.

ಜನನ, ವಿದ್ಯಾಭ್ಯಾಸ

ನರಸಿಂಗ ರಾವ್ ಅವರು 1887ರ ಫೆಬ್ರವರಿ 26ರಂದು ಅಂದಿನ ಸೌತ್ ಕೆನರಾ ಜಿಲ್ಲೆಯ ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ಹೆಸರಾಂತ ವೈದ್ಯರು. ಕಾರ್ಕಳದ ಬಾಹುಬಲಿ, ಮೂಡಬಿದಿರೆಯ ಬಸದಿಗಳು ಇರುವ ಈ ಜಿಲ್ಲೆಯೂ, ಶಿರಸಿ, ಸೋಂದೆ, ಎಕ್ಕಂಬಿಗಳಿರುವ ಇಂದಿನ ಉತ್ತರ ಕನ್ನಡವೂ ಹಿಂದೆ ಒಂದೇ ಕೆನರಾ ಜಿಲ್ಲೆಯಾಗಿದ್ದವು. 1862ರಲ್ಲಿ ಬ್ರಿಟಿಷರು ಉತ್ತರ ಭಾಗವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ರಾವ್ ಅವರ ಬಾಲ್ಯದಲ್ಲಿ ಕಾರ್ಕಳದ ಜೈನ ಕುಟುಂಬಕ್ಕೂ ಶಿರಸಿ ಸೀಮೆಯ ಜೈನ ಕುಟುಂಬಕ್ಕೂ ಬೇರೆ ಬೇರೆ ಗವರ್ನರುಗಳು, ಬೇರೆ ಬೇರೆ ಹೈಕೋರ್ಟುಗಳು. ವಾರಸಿನ ಪದ್ಧತಿಯೂ ಬೇರೆ: ತುಳುನಾಡಿನ ಅನೇಕ ಜೈನ ಮನೆತನಗಳಲ್ಲಿ ಅಳಿಯಸಂತಾನ, ಘಟ್ಟದ ಮೇಲೆ ತಂದೆಯಿಂದ ಮಗನಿಗೆ. ಆಗ ಗವರ್ನರನನ್ನು ಪ್ರಶ್ನಿಸುವ ಹಕ್ಕು ಈ ಎರಡೂ ಕಡೆಯವರಿಗೆ ಇರಲಿಲ್ಲ.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗರಾದರು. 1905ರಲ್ಲಿ ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತದಲ್ಲಿ, ಮರುವರ್ಷ ಗಣಿತದಲ್ಲಿ ಪ್ರಥಮ ದರ್ಜೆ. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಹೋಗಿ 1909ರಲ್ಲಿ ಗಣಿತದ ಟ್ರೈಪಾಸ್ ಮುಗಿಸಿದರು. ಆ ವರ್ಷದ ಒಂಬತ್ತನೆಯ ರ‍್ಯಾಂಗ್ಲರ್ ಅವರೇ. ಅದೇ ಕಾಲದಲ್ಲಿ ಜವಾಹರಲಾಲ್ ನೆಹರೂ ಅದೇ ಕಾಲೇಜಿನ ವಿದ್ಯಾರ್ಥಿ. ಒಬ್ಬರು ಸೆರೆಮನೆಗಳ ದಾರಿ ಹಿಡಿದರು, ಇನ್ನೊಬ್ಬರು ಐ.ಸಿ.ಎಸ್. ಪರೀಕ್ಷೆ ಪಾಸು ಮಾಡಿ ಸರ್ಕಾರಿ ಸೇವೆಗೆ ಸೇರಿದರು. ಇಬ್ಬರೂ ಒಂದೇ ಸಭಾಭವನಕ್ಕೆ ಬಂದದ್ದು 1946ರಲ್ಲಿ.

ಮನೆಯಲ್ಲಿ ಸಾಧಕರು ಇವರೊಬ್ಬರೇ ಅಲ್ಲ. ಸಹೋದರ ಸರ್ ಬೆನಗಲ್ ರಾಮ ರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಇನ್ನೊಬ್ಬ ಸಹೋದರ ಬಿ. ಶಿವ ರಾವ್ ಪತ್ರಕರ್ತರು, ಸಂವಿಧಾನ ರಚನಾ ಸಭೆಯ ಸದಸ್ಯರು, ಆಮೇಲೆ ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆಯ್ಕೆಯಾದವರು.

ಬ್ರಿಟಿಷರ ಸೇವೆಯಲ್ಲಿ

1910ರಲ್ಲಿ ಬಂಗಾಳಕ್ಕೆ ನೇಮಕವಾಯಿತು. ಕೆಲವು ವರ್ಷಗಳಲ್ಲೇ ನ್ಯಾಯಾಂಗದ ಕಡೆಗೆ ತಿರುಗಿ ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ಕೆಲಸ ಮಾಡಿದರು. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಂ ಸರ್ಕಾರದಲ್ಲಿ ಶಾಸನ ಪರಿಷತ್ತಿನ ಕಾರ್ಯದರ್ಶಿ ಮತ್ತು ಕಾನೂನು ಸಲಹೆಗಾರರು. ಮಸೂದೆ ಬರೆಯುವ ಕಲೆ ಕೈಹತ್ತಿದ್ದು ಅಲ್ಲಿ. ಕಾನೂನಿನ ಒಂದು ವಾಕ್ಯದಲ್ಲಿ ಒಂದು ಪದ ಹೆಚ್ಚಾದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ ಎಂಬ ಲೆಕ್ಕ ಗಣಿತ ಓದಿದವರಿಗೆ ಒಗ್ಗುವಂಥದೇ. ಮುಂದೆ ದೆಹಲಿಯ ಸುಧಾರಣಾ ಕಚೇರಿಯಲ್ಲಿ 1935ರ ಭಾರತ ಸರ್ಕಾರ ಕಾಯ್ದೆಗೆ ಸಂಬಂಧಿಸಿದ ಕೆಲಸ, ಅದರ ನಂತರ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸ್ಥಾನ. 1938ರಲ್ಲಿ ಸರ್ ಪದವಿ ಬಂತು.

ನ್ಯಾಯಮೂರ್ತಿಯಾಗಿದ್ದಾಗಲೇ ಸರ್ಕಾರ ಮೂರು ತನಿಖೆಗಳನ್ನು ಅವರಿಗೆ ಒಪ್ಪಿಸಿತು. ಒಂದು ರೈಲ್ವೆ ನೌಕರರ ತುಟ್ಟಿಭತ್ಯೆ. ಎರಡನೆಯದು ಸಿಂಧೂ ನದಿ ನೀರಿನ ಬಗ್ಗೆ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ಜಗಳ. ನದಿ ಹರಿಯುವ ಎಲ್ಲ ಪ್ರಾಂತ್ಯಗಳಿಗೂ ನ್ಯಾಯಸಮ್ಮತ ಪಾಲು ಸಿಗಬೇಕು, ಮೇಲಿನವರಾಗಲಿ ಕೆಳಗಿನವರಾಗಲಿ ನದಿ ತಮ್ಮದೇ ಎನ್ನುವಂತಿಲ್ಲ ಎಂಬ ತತ್ವವನ್ನು ಅವರ ಆಯೋಗ 1942ರ ವರದಿಯಲ್ಲಿ ಎತ್ತಿಹಿಡಿಯಿತು. ಕೃಷ್ಣಾ, ಕಾವೇರಿ ನ್ಯಾಯಮಂಡಳಿಗಳ ಸುದ್ದಿ ಓದಿರುವ ಕನ್ನಡಿಗರಿಗೆ ಈ ತತ್ವ ಹೊಸದಲ್ಲ.

ಮೂರನೆಯದು ಜೈನ ಕುಟುಂಬಗಳ ಅಡುಗೆಮನೆಯವರೆಗೂ ತಲುಪಿದ ಕೆಲಸ. 1941ರಲ್ಲಿ ನೇಮಕವಾಗಿ 1944ರಲ್ಲಿ ಮತ್ತೆ ಜೀವ ಪಡೆದ ಹಿಂದೂ ಕಾನೂನು ಸಮಿತಿಗೆ ರಾವ್ ಅವರೇ ಅಧ್ಯಕ್ಷರು. ಸಮಿತಿ ಊರೂರು ಸುತ್ತಿ ಸಾಕ್ಷ್ಯ ಪಡೆದು, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಏಕಪತ್ನಿತ್ವ, ಕೆಲವು ಕಾರಣಗಳಿಗೆ ವಿಚ್ಛೇದನ ಇವುಗಳನ್ನು ಒಳಗೊಂಡ ಸಂಹಿತೆಯನ್ನು ಸಿದ್ಧಪಡಿಸಿತು. ಸಮಿತಿಯ ಸದಸ್ಯ ದ್ವಾರಕಾನಾಥ ಮಿಟ್ಟರ್ ಅವರೇ ಭಿನ್ನಮತ ಬರೆದರು ಎಂದರೆ ವಿರೋಧ ಎಷ್ಟಿತ್ತು ಎಂದು ಊಹಿಸಬಹುದು. ಇದೇ ಸಂಹಿತೆ ಮುಂದೆ ಹಿಂದೂ ಕೋಡ್ ಬಿಲ್ ಆಗಿ, ಅಂಬೇಡ್ಕರ್ ಅವರ ರಾಜೀನಾಮೆಗೆ ಒಂದು ಕಾರಣವಾಗಿ, ಕೊನೆಗೆ 1955–56ರಲ್ಲಿ ನಾಲ್ಕು ಕಾಯ್ದೆಗಳಾಗಿ ಬಂತು. ಈ ಕಾಯ್ದೆಗಳು ಜೈನರಿಗೂ ಅನ್ವಯಿಸುತ್ತವೆ. ಅಳಿಯಸಂತಾನದ ಕುಟುಂಬಗಳಿಗಾಗಿ 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಪ್ರತ್ಯೇಕ ನಿಯಮಗಳೇ ಇವೆ.

1944ರಲ್ಲಿ ನಿವೃತ್ತರಾದ ಮೇಲೆ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನ ಮಂತ್ರಿಯಾಗಿ ಹೋದರು. ಮಹಾರಾಜರೊಡನೆ ಹೊಂದಾಣಿಕೆಯಾಗದೆ 1945ರ ಮಧ್ಯದಲ್ಲಿ ಬಿಟ್ಟು ಬಂದರು.

ಸಂವಿಧಾನ ಸಲಹೆಗಾರ

1946ರ ಜುಲೈನಲ್ಲಿ ಸಂವಿಧಾನ ಸಲಹೆಗಾರರಾಗಿ ನೇಮಕಗೊಂಡರು. ಸಂಬಳ ಬೇಡವೆಂದರು. ಸಭೆ ಮೊದಲ ಬಾರಿ ಸೇರಿದ್ದು ಆ ವರ್ಷದ ಡಿಸೆಂಬರ್ 9ರಂದು. ಅಷ್ಟರೊಳಗೆ ಅವರ ಕಚೇರಿ ಬೇರೆ ದೇಶಗಳ ಸಂವಿಧಾನಗಳಿಂದ ಬೇಕಾದ ಭಾಗಗಳನ್ನು ಆಯ್ದು ಸಂಪುಟಗಳಾಗಿ ಮುದ್ರಿಸಿ ಸದಸ್ಯರಿಗೆ ಹಂಚುವ ಕೆಲಸ ಆರಂಭಿಸಿತ್ತು. ಸದಸ್ಯರಲ್ಲಿ ಅನೇಕರು ಜೈಲಿನಿಂದ ಬಿಡುಗಡೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಅಮೆರಿಕದ ಸೆನೆಟ್ ಹೇಗೆ ನಡೆಯುತ್ತದೆ, ಐರ್ಲೆಂಡಿನಲ್ಲಿ ಅಧ್ಯಕ್ಷನ ಅಧಿಕಾರವೇನು, ಕೆನಡಾದಲ್ಲಿ ಕೇಂದ್ರಕ್ಕೂ ಪ್ರಾಂತ್ಯಗಳಿಗೂ ಅಧಿಕಾರ ಹಂಚಿಕೆ ಹೇಗೆ ಎಂಬುದನ್ನು ಅವರೆಲ್ಲ ಓದಿ ಬಂದು ಚರ್ಚಿಸಲು ಈ ಸಂಪುಟಗಳೇ ಆಧಾರ. 1947ರ ಮಾರ್ಚ್‌ನಲ್ಲಿ ರಾವ್ ಒಂದು ಪ್ರಶ್ನಾವಳಿಯನ್ನೂ ಕಳಿಸಿದರು. ರಾಷ್ಟ್ರದ ಮುಖ್ಯಸ್ಥ ಹೇಗೆ ಆಯ್ಕೆಯಾಗಬೇಕು, ಮಂತ್ರಿಮಂಡಲ ಯಾರಿಗೆ ಉತ್ತರದಾಯಿ, ಸಂಸತ್ತಿಗೆ ಎಷ್ಟು ಸದನ, ನ್ಯಾಯಾಧೀಶರನ್ನು ನೇಮಿಸುವವರು ಯಾರು ಎಂಬಂಥ ಪ್ರಶ್ನೆಗಳು. ಉತ್ತರ ತಾವು ಹೇಳದೆ, ಕೇಳಿ ಪಡೆದು, ಅದರ ಮೇಲೆ ಟಿಪ್ಪಣಿ ಬರೆಯುವುದು ಅವರ ಕ್ರಮ.

ಅಲ್ಪಸಂಖ್ಯಾತರ ರಕ್ಷಣೆ, ಚುನಾವಣೆಗಳ ಮೇಲ್ವಿಚಾರಣೆ, ಉನ್ನತ ನ್ಯಾಯಾಧೀಶರ ನೇಮಕದಂಥ ವಿಷಯಗಳಲ್ಲಿ ರಾಷ್ಟ್ರಪತಿ ಮಂತ್ರಿಮಂಡಲದ ಮಾತನ್ನಷ್ಟೇ ಕೇಳದೆ ಒಂದು ಪ್ರತ್ಯೇಕ ಮಂಡಳಿಯ ಸಲಹೆಯಂತೆ ನಡೆಯಬೇಕು ಎಂಬುದು ಅವರ ಸಲಹೆ. ಸಭೆಯ ಸಮಿತಿ ಅದನ್ನು ಒಪ್ಪಲಿಲ್ಲ. ಜನರಿಂದ ಆಯ್ಕೆಯಾದ ಮಂತ್ರಿಗಳ ಮೇಲೆ ಇನ್ನೊಂದು ಕಾವಲು ಬೇಡ ಎಂಬುದು ನಾಯಕರ ನಿಲುವು. ರಾವ್ ಹಟ ಹಿಡಿಯಲಿಲ್ಲ. ಸಮಿತಿಗಳ ತೀರ್ಮಾನ ಏನೋ ಅದನ್ನೇ ಕರಡಿನಲ್ಲಿ ಬರೆದರು. ಆದರೂ ಚುನಾವಣೆಯನ್ನು ಸರ್ಕಾರದ ಕೈಯಿಂದ ಬಿಡಿಸಿ ಸ್ವತಂತ್ರ ಆಯೋಗಕ್ಕೆ ಕೊಡಬೇಕೆಂಬ ಯೋಚನೆ 324ನೆಯ ವಿಧಿಯಾಗಿ ನಿಂತಿತು. ನ್ಯಾಯಾಧೀಶರನ್ನು ಯಾರು ನೇಮಿಸಬೇಕು ಎಂಬ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ.

1947ರ ಅಕ್ಟೋಬರ್ ಹೊತ್ತಿಗೆ 243 ವಿಧಿಗಳು, 13 ಅನುಸೂಚಿಗಳ ಕರಡು ತಯಾರಾಯಿತು. ಕರಡು ಸಮಿತಿ ಅದನ್ನು ಅಕ್ಟೋಬರ್ 27ರಿಂದ ವಿಧಿ ವಿಧಿಯಾಗಿ ಪರಿಶೀಲಿಸಿ 1948ರ ಫೆಬ್ರವರಿಯಲ್ಲಿ 315 ವಿಧಿ, 8 ಅನುಸೂಚಿಗಳ ಕರಡನ್ನು ಕೊಟ್ಟಿತು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ಕೂಡ ಈ ಸಮಿತಿಗೆ ಆಮೇಲೆ ಸೇರಿದವರು. 7,600ಕ್ಕೂ ಹೆಚ್ಚು ತಿದ್ದುಪಡಿ ಸೂಚನೆಗಳು ಬಂದು, 2,473 ಸಭೆಯಲ್ಲಿ ಮಂಡನೆಯಾಗಿ, 1949ರ ನವೆಂಬರ್ 26ರಂದು 395 ವಿಧಿಗಳ ಸಂವಿಧಾನ ಅಂಗೀಕಾರವಾಯಿತು.

ಹಾಗಾದರೆ ಸಂವಿಧಾನ ಬರೆದವರು ರಾವ್ ಅವರೋ ಅಂಬೇಡ್ಕರ್ ಅವರೋ ಎಂದು ಈಚೆಗೆ ಕೆಲವರು ವಾದ ಹೂಡುತ್ತಾರೆ. ಅದು ಅನವಶ್ಯಕ ವಾದ. ಅಂಗೀಕಾರದ ಹಿಂದಿನ ದಿನ ಅಂಬೇಡ್ಕರ್ ಅವರೇ ತಮಗೆ ಸಂದ ಶ್ರೇಯದಲ್ಲಿ ಒಂದು ಪಾಲು ರಾವ್ ಅವರಿಗೆ, ಇನ್ನೊಂದು ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೆ ಸೇರಬೇಕು ಎಂದು ಸಭೆಯಲ್ಲಿ ಹೇಳಿದ್ದಾರೆ. ರಾವ್ ಬರೆದದ್ದು ಸಮಿತಿಗಳ ತೀರ್ಮಾನಗಳನ್ನು ಕಾನೂನಿನ ಭಾಷೆಗೆ ತಂದ ಮೊದಲ ರೂಪ. ಅದನ್ನು ತಿದ್ದಿ, ಬೆಳೆಸಿ, ಸಾವಿರಾರು ತಿದ್ದುಪಡಿಗಳ ನಡುವೆ ಸಭೆಯಲ್ಲಿ ನಿಂತು ಸಮರ್ಥಿಸಿ ದಡ ಸೇರಿಸಿದ್ದು ಅಂಬೇಡ್ಕರ್. ಒಬ್ಬರ ಕೆಲಸ ಹೇಳಲು ಇನ್ನೊಬ್ಬರದನ್ನು ಸಣ್ಣದು ಮಾಡಬೇಕಾಗಿಲ್ಲ.

ಇದೇ ವೇಳೆ ಬರ್ಮಾ ದೇಶವೂ ಸ್ವತಂತ್ರವಾಗಲು ಸಿದ್ಧವಾಗಿತ್ತು. ಅಲ್ಲಿನ ಸಂವಿಧಾನ ಸಲಹೆಗಾರ ಊ ಛಾನ್ ಟೂನ್ ದೆಹಲಿಗೆ ಬಂದು ರಾವ್ ಅವರ ನೆರವು ಪಡೆದರು. ಬರ್ಮಾದ ಸಂವಿಧಾನ ನಮ್ಮದಕ್ಕಿಂತ ಎರಡು ವರ್ಷ ಮೊದಲೇ, 1947ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾಯಿತು. ಸೈನ್ಯದ ಆಳ್ವಿಕೆ ಬಂದ ಮೇಲೆ ಉಳಿಯಲಿಲ್ಲ.

ಎಕ್ಕಂಬಿಯ ಒಬ್ಬ ರೈತನ ಕಡೆಯಿಂದ ನೋಡಿದರೆ

ಸಂವಿಧಾನ ಸರ್ಕಾರವನ್ನು ಹೇಗೆ ಕಟ್ಟಿತು ಎಂಬುದನ್ನು ದೆಹಲಿಯಿಂದ ನೋಡುವುದಕ್ಕಿಂತ ಶಿರಸಿ ತಾಲ್ಲೂಕಿನ ಎಕ್ಕಂಬಿಯಂಥ ಒಂದು ಹಳ್ಳಿಯಿಂದ ನೋಡುವುದು ಸುಲಭ. 1935ರ ಕಾಯ್ದೆಯ ಪ್ರಕಾರ ಮತ ಹಾಕಲು ಕಂದಾಯ ಕಟ್ಟುವ ಜಮೀನೋ, ಆಸ್ತಿಯೋ, ಓದಿನ ಅರ್ಹತೆಯೋ ಬೇಕಿತ್ತು. ಗೇಣಿಗೆ ದುಡಿಯುವವರು, ಕೂಲಿಯವರು, ಹೆಚ್ಚಿನ ಹೆಂಗಸರು ಪಟ್ಟಿಯಿಂದ ಹೊರಗೆ. ಹೊಸ ಸಂವಿಧಾನ 21 ವರ್ಷ ತುಂಬಿದ ಎಲ್ಲರಿಗೂ ಮತ ಕೊಟ್ಟಿತು. ಇದು ಬರೀ ಒಂದು ವಾಕ್ಯ ಬರೆದರೆ ಆಗುವ ಕೆಲಸವಲ್ಲ. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ ರಾವ್ ಅವರ ಮಾರ್ಗದರ್ಶನದ ಸಚಿವಾಲಯ ದೇಶದುದ್ದಕ್ಕೂ ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ಮಾಡಿಸಲು ಪ್ರಾಂತ್ಯಗಳಿಗೆ ಸೂಚನೆ ಕಳಿಸಿತು. 1951–52ರ ಚುನಾವಣೆಗೆ ಆದ ಪಟ್ಟಿಯಲ್ಲಿ ಸುಮಾರು 17.3 ಕೋಟಿ ಹೆಸರು. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳದಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಚ್ಚಿನವರು ಉತ್ತರ ಭಾರತದವರು.

ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಲಾಯಿತು. ಮೊದಲಿಗೆ ಕೇಂದ್ರದ ಪಟ್ಟಿಯಲ್ಲಿ 97, ರಾಜ್ಯದ ಪಟ್ಟಿಯಲ್ಲಿ 66, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳು. ಅಂಚೆ ಕಚೇರಿ ಕೇಂದ್ರದ್ದು; ಪೊಲೀಸ್ ಠಾಣೆ, ಪಹಣಿ, ಗೇಣಿ ರಾಜ್ಯದ್ದು; ಮದುವೆ, ವಾರಸು, ಧಾರ್ಮಿಕ ದತ್ತಿ ಇಬ್ಬರಿಗೂ ಸೇರಿದ್ದು. ಈ ಮೂರು ಪಟ್ಟಿಯ ಪದ್ಧತಿ 1935ರ ಕಾಯ್ದೆಯಿಂದ ಬಂದದ್ದು, ರಾವ್ ಅವರಿಗೆ ಅದರ ಮೂಲೆ ಮೂಲೆ ಪರಿಚಯ. 1950ರಲ್ಲಿ ಕಾಡು ಮತ್ತು ಶಿಕ್ಷಣ ರಾಜ್ಯದ ಪಟ್ಟಿಯಲ್ಲಿದ್ದವು. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೆಯ ತಿದ್ದುಪಡಿಯಿಂದ ಎರಡೂ ಸಮವರ್ತಿ ಪಟ್ಟಿಗೆ ಹೋದವು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ನಂಬಿ ಬದುಕುವ, ಅರಣ್ಯ ಭೂಮಿಯ ಸಾಗುವಳಿಗೆ ಹಕ್ಕುಪತ್ರ ಕೇಳುತ್ತಾ ಬಂದಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರಿಗೆ ಬೆಂಗಳೂರಿನಿಂದ ಬರುವ ಉತ್ತರ ದೆಹಲಿ ಕಡೆ ಯಾಕೆ ಬೊಟ್ಟು ಮಾಡುತ್ತದೆ ಎಂಬುದಕ್ಕೆ ಕಾರಣ ಈ ಪಟ್ಟಿ ಬದಲಾವಣೆಯಲ್ಲಿದೆ.

ಇನ್ನು ರಾಜ್ಯಗಳ ಗಡಿ. ಸಂಬಂಧಪಟ್ಟ ರಾಜ್ಯದ ಅಭಿಪ್ರಾಯ ಕೇಳಿ ಸಂಸತ್ತು ಸಾಮಾನ್ಯ ಕಾನೂನಿನಿಂದಲೇ ಹೊಸ ರಾಜ್ಯ ರಚಿಸಬಹುದು ಎನ್ನುತ್ತದೆ ಮೂರನೆಯ ವಿಧಿ. ಇದರ ಬಲದಿಂದ 1956ರ ನವೆಂಬರ್ 1ರಂದು ಉತ್ತರ ಕನ್ನಡ ಬೊಂಬಾಯಿಯಿಂದಲೂ ದಕ್ಷಿಣ ಕನ್ನಡ ಮದ್ರಾಸಿನಿಂದಲೂ ಬಿಡಿಸಿಕೊಂಡು ವಿಶಾಲ ಮೈಸೂರಿಗೆ ಸೇರಿದವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. 94 ವರ್ಷ ಬೇರೆಯಾಗಿದ್ದ ಎರಡು ಕನ್ನಡ ಜಿಲ್ಲೆಗಳು ಮತ್ತೆ ಒಂದೇ ಸರ್ಕಾರದ ಕೆಳಗೆ ಬರುವುದನ್ನು ನೋಡಲು ರಾವ್ ಬದುಕಿರಲಿಲ್ಲ.

ಹಕ್ಕುಗಳು ಮತ್ತು ಒಂದು ಪದದ ಕಥೆ

ಕರಡು ಸಮಿತಿಯ ಕೈಗೆ ಕೊಟ್ಟ ಬೆನ್ನಲ್ಲೇ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಪ್ರವಾಸ ಹೊರಟರು. ಅಲ್ಲಿನ ನ್ಯಾಯಾಧೀಶರು, ರಾಜಕಾರಣಿಗಳ ಮುಂದೆ ಕರಡನ್ನು ಇಟ್ಟು, ಎಲ್ಲಿ ದೋಷವಿದೆ ಎಂದು ಕೇಳುವುದು ಉದ್ದೇಶ. ಆ ಪ್ರವಾಸದಲ್ಲಿ ನಡೆದ ಒಂದು ಮಾತುಕತೆ ಭಾರತದ ನಾಗರಿಕರ ಮೇಲೆ ಮೂರು ದಶಕ ಪರಿಣಾಮ ಬೀರಿತು.

ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯವನ್ನು ನ್ಯಾಯಸಮ್ಮತ ಕಾನೂನು ಪ್ರಕ್ರಿಯೆಯಿಂದಲ್ಲದೆ ಕಸಿಯಬಾರದು ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ನಮ್ಮ ಸಭೆಯೂ 1947ರಲ್ಲಿ ಮೊದಲು ಆ ಮಾತನ್ನೇ ಒಪ್ಪಿತ್ತು. ಈ ಮಾತಿನಿಂದ ನ್ಯಾಯಾಲಯಕ್ಕೆ ದೊಡ್ಡ ಅಧಿಕಾರ ಬರುತ್ತದೆ: ಕಾನೂನು ಇದೆಯೇ ಎಂದಷ್ಟೇ ಅಲ್ಲ, ಆ ಕಾನೂನು ನ್ಯಾಯವಾದದ್ದೇ ಎಂದೂ ಅದು ಕೇಳಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಇದು ಅಪಾಯ ಎಂದು ರಾವ್ ಅವರಿಗೆ ಹೇಳಿದರು. ಜನ ಆಯ್ಕೆ ಮಾಡಿದ ಶಾಸಕರ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವಂತಾಗುತ್ತದೆ, ನ್ಯಾಯಾಂಗದ ಮೇಲೂ ಹೊರಲಾರದ ಹೊರೆ ಬೀಳುತ್ತದೆ ಎಂಬುದು ಅವರ ಅಭಿಪ್ರಾಯ. ಲರ್ನೆಡ್ ಹ್ಯಾಂಡ್ ಎಂಬ ಇನ್ನೊಬ್ಬ ಪ್ರಸಿದ್ಧ ನ್ಯಾಯಾಧೀಶರು ಮತ್ತೂ ಮುಂದೆ ಹೋಗಿ, ಮೂಲಭೂತ ಹಕ್ಕುಗಳೆಲ್ಲ ನೈತಿಕ ಉಪದೇಶದ ರೂಪದಲ್ಲಿದ್ದರೇ ಒಳ್ಳೆಯದು ಎಂದರು. ಕಾರ್ಮಿಕರ ಕೆಲಸದ ಸಮಯ, ಕನಿಷ್ಠ ಕೂಲಿಯ ಕಾನೂನುಗಳನ್ನು ಅಮೆರಿಕದ ಕೋರ್ಟುಗಳು ಈ ಪದದ ಹೆಸರಿನಲ್ಲೇ ರದ್ದು ಮಾಡಿದ್ದು ರಾವ್ ಅವರಿಗೆ ಗೊತ್ತಿತ್ತು. ಭೂಸುಧಾರಣೆಗೆ ಹೊರಟ ದೇಶದಲ್ಲಿ ಜಮೀನ್ದಾರರು ಅದೇ ದಾರಿ ಹಿಡಿದರೆ? ಅವರು ಹಿಂದಿರುಗಿದ ಮೇಲೆ ಕರಡು ಸಮಿತಿ ಆ ಪದವನ್ನು ಬಿಟ್ಟು, ಜಪಾನಿನ ಹೊಸ ಸಂವಿಧಾನದಲ್ಲಿದ್ದಂತೆ ಕಾನೂನು ನಿಗದಿಪಡಿಸಿದ ಕ್ರಮ ಎಂಬ ಮಾತನ್ನು ಹಾಕಿತು. ಅದೇ ಇಂದಿನ 21ನೆಯ ವಿಧಿ.

ಜಮೀನಿನ ಬಗ್ಗೆ ಅವರ ಆತಂಕ ಸರಿಯಾಗಿತ್ತು. ಸ್ವಾತಂತ್ರ್ಯದ ಬಗ್ಗೆ ಲೆಕ್ಕ ತಪ್ಪಿತು ಎಂದೇ ಹೇಳಬೇಕು. 1950ರಲ್ಲೇ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಮಲಬಾರಿನ ಕಮ್ಯೂನಿಸ್ಟ್ ನಾಯಕ ಎ.ಕೆ. ಗೋಪಾಲನ್ (ಮುಂದೆ ಕಾಸರಗೋಡಿನ ಸಂಸದರು) ಸುಪ್ರೀಂ ಕೋರ್ಟಿಗೆ ಹೋದಾಗ, ಶಾಸಕಾಂಗ ಮಾಡಿದ ಕಾನೂನೊಂದು ಇದ್ದರೆ ಸಾಕು, ಅದು ನ್ಯಾಯವೇ ಎಂದು ಈ ವಿಧಿಯಡಿ ಕೇಳುವಂತಿಲ್ಲ ಎಂದು ಬಹುಮತದ ತೀರ್ಪು ಬಂತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟು, ಆ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದಿತು. ಬಾಗಿಲಿನಿಂದ ಹೊರಗೆ ಹಾಕಿದ್ದು ಕಿಟಕಿಯಿಂದ ಒಳಬಂದ ಹಾಗೆ. ನಡುವಿನ 28 ವರ್ಷಗಳಲ್ಲಿ ತುರ್ತು ಪರಿಸ್ಥಿತಿಯೂ ಬಂದು ಹೋಗಿತ್ತು.

ರಾಜ್ಯ ನಿರ್ದೇಶಕ ತತ್ವಗಳ ವಿಷಯದಲ್ಲೂ ರಾವ್ ಅವರಿಗೆ ಸ್ಪಷ್ಟ ನಿಲುವಿತ್ತು. ಕೋರ್ಟಿನಲ್ಲಿ ಕೇಳಬಹುದಾದ ಹಕ್ಕು, ಕೇಳಲಾಗದ ಆದರೆ ಸರ್ಕಾರ ಪಾಲಿಸಬೇಕಾದ ತತ್ವ ಎಂದು ಐರ್ಲೆಂಡಿನ ಮಾದರಿಯಲ್ಲಿ ಎರಡು ಭಾಗ ಮಾಡಿದ್ದು ಅವರ ಸಲಹೆಯಂತೆ. ಎರಡರ ನಡುವೆ ಘರ್ಷಣೆಯಾದರೆ ಸಮಾಜದ ಹಿತದ ತತ್ವವೇ ಮೇಲಾಗಬೇಕು ಎಂದೂ ಅವರು ಸೂಚಿಸಿದರು, ಸಮಿತಿ ಒಪ್ಪಲಿಲ್ಲ. ಈ ಜಗಳ ಮತ್ತೆ ಎದ್ದಾಗ ಅದನ್ನು ತೀರ್ಮಾನಿಸಿದ ಎರಡೂ ಪ್ರಸಿದ್ಧ ಮೊಕದ್ದಮೆಗಳು ಕನ್ನಡ ನೆಲದ್ದೇ. 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದಿತು. 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ, ಹಕ್ಕುಗಳು ಮತ್ತು ನಿರ್ದೇಶಕ ತತ್ವಗಳ ಸಮತೋಲನವೇ ಆ ಮೂಲ ಸ್ವರೂಪದ ಭಾಗ ಎಂದಿತು.

ಜಿನಾಲಯದ ಹಣ, ಸರ್ಕಾರದ ಕೈ

ಧರ್ಮಕ್ಕೆ ಸಂಬಂಧಿಸಿದ ಹಕ್ಕುಗಳು 25ರಿಂದ 30ರವರೆಗಿನ ವಿಧಿಗಳಲ್ಲಿವೆ. 25 ವ್ಯಕ್ತಿಗೆ, 26 ಪಂಥ ಅಥವಾ ಸಂಪ್ರದಾಯಕ್ಕೆ. ಧಾರ್ಮಿಕ ವಿಷಯಗಳನ್ನು ತಾನೇ ನಿರ್ವಹಿಸುವ, ಆಸ್ತಿ ಹೊಂದುವ, ಕಾನೂನಿನ ಪ್ರಕಾರ ಆ ಆಸ್ತಿಯ ಆಡಳಿತ ನಡೆಸುವ ಹಕ್ಕನ್ನು 26ನೆಯ ವಿಧಿ ಕೊಡುತ್ತದೆ. ಐರ್ಲೆಂಡಿನ 1937ರ ಸಂವಿಧಾನದಲ್ಲೂ ಇಂಥದೇ ಮಾತಿದೆ.

ಇದರ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಒಂದು ಜೈನರಿಂದಲೇ ಆಯಿತು. 1950ರಲ್ಲಿ ಬೊಂಬಾಯಿ ಸರ್ಕಾರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ತಂದಿತು. ಶಿರಸಿ ಆಗ ಬೊಂಬಾಯಿ ರಾಜ್ಯದಲ್ಲಿದ್ದುದರಿಂದ ಸೋಂದೆಯ ಸ್ವಾದಿ ಜೈನ ಮಠವಿರುವ ಈ ಸೀಮೆಗೂ ಅದರ ವ್ಯಾಪ್ತಿ ಇತ್ತು. ಲೆಕ್ಕಪತ್ರ, ನೋಂದಣಿಯ ನಿಯಮಗಳಷ್ಟೇ ಆಗಿದ್ದರೆ ತಕರಾರು ಇರುತ್ತಿರಲಿಲ್ಲ. ಚಾರಿಟಿ ಕಮಿಷನರ್ ಎಂಬ ಸರ್ಕಾರಿ ಅಧಿಕಾರಿಯನ್ನೇ ಧಾರ್ಮಿಕ ಟ್ರಸ್ಟಿನ ಟ್ರಸ್ಟಿಯಾಗಿ ನೇಮಿಸಲು, ಜಿನಾಲಯಕ್ಕೆಂದು ಕೊಟ್ಟ ಹಣವನ್ನು ಬೇರೆ ಉದ್ದೇಶಕ್ಕೆ ತಿರುಗಿಸಲು ಅದರಲ್ಲಿ ಅವಕಾಶವಿತ್ತು. ಜೈನ ದೇವಾಲಯವೊಂದರ ವಹಿವಾಟುದಾರ ರತಿಲಾಲ್ ಪಾನಾಚಂದ್ ಗಾಂಧಿ, ಜೊತೆಗೆ ಪಾರ್ಸಿ ಪಂಚಾಯತಿಯ ಟ್ರಸ್ಟಿಗಳು ಕೋರ್ಟಿಗೆ ಹೋದರು. 1954ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು, ಆದರೆ ಆಡಳಿತವನ್ನೇ ಪಂಥದ ಕೈಯಿಂದ ಕಿತ್ತು ಇನ್ನೊಬ್ಬರಿಗೆ ಕೊಡುವಂತಿಲ್ಲ. ನಂಬಿಕೆಯಷ್ಟೇ ಅಲ್ಲ, ಆ ನಂಬಿಕೆಯಂತೆ ನಡೆಸುವ ಆಚರಣೆಯೂ ಧರ್ಮದ ಭಾಗ. ದಾನಿ ಧರ್ಮಕಾರ್ಯಕ್ಕೆ ಕೊಟ್ಟದ್ದನ್ನು ಸರ್ಕಾರ ತನ್ನ ಇಷ್ಟದಂತೆ ಬೇರೆಡೆ ಹಾಕಲಾಗದು. ಆ ಸೆಕ್ಷನ್‌ಗಳು ಧಾರ್ಮಿಕ ಟ್ರಸ್ಟುಗಳ ಮಟ್ಟಿಗೆ ಬಿದ್ದುಹೋದವು. ಮೇಲ್ವಿಚಾರಣೆಯ ವೆಚ್ಚಕ್ಕೆ ಟ್ರಸ್ಟುಗಳು ಕೊಡಬೇಕಾದ ವಂತಿಗೆ ಉಳಿಯಿತು. ಬಸದಿಗಳ ಆಡಳಿತದಲ್ಲಿ ಸರ್ಕಾರದ ಪಾತ್ರ ಎಷ್ಟು ಎಂದು ಚರ್ಚಿಸುವಾಗ ವಕೀಲರು ಇಂದಿಗೂ ಈ ತೀರ್ಪನ್ನೇ ಮೊದಲು ತೆಗೆಯುತ್ತಾರೆ.

25ನೆಯ ವಿಧಿಯ ಒಂದು ವಿವರಣೆ ಜೈನರಲ್ಲಿ ಕಳವಳ ಹುಟ್ಟಿಸಿತು. ಹಿಂದೂ ಸಂಸ್ಥೆಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ಮಾತು ಬಂದಾಗ ಹಿಂದೂ ಎಂಬುದರಲ್ಲಿ ಸಿಖ್, ಜೈನ, ಬೌದ್ಧರೂ ಸೇರುತ್ತಾರೆ ಎನ್ನುತ್ತದೆ ಅದು. ಹಾಗಾದರೆ ಜೈನ ಧರ್ಮ ಸ್ವತಂತ್ರ ಧರ್ಮವಲ್ಲವೇ ಎಂಬ ಪ್ರಶ್ನೆ ಎದ್ದಿತು. ಸಂವಿಧಾನ ಜಾರಿಯಾಗಿ ಐದೇ ದಿನಕ್ಕೆ, 1950ರ ಜನವರಿ 31ರಂದು, ಜೈನ ನಿಯೋಗಕ್ಕೆ ಪ್ರಧಾನಿ ಕಚೇರಿಯಿಂದ ಬಂದ ಪತ್ರದಲ್ಲಿ, ಆ ವಿವರಣೆ ಆ ವಿಧಿಯ ಉದ್ದೇಶಕ್ಕೆ ಮಾತ್ರ, ಜೈನರು ಪ್ರತ್ಯೇಕ ಧಾರ್ಮಿಕ ಸಮುದಾಯವೆಂಬುದರಲ್ಲಿ ಸಂಶಯವಿಲ್ಲ ಎಂಬ ಭರವಸೆ ಇತ್ತು. ಭರವಸೆ ಅಧಿಸೂಚನೆಯಾಗಲು 64 ವರ್ಷ ಹಿಡಿಯಿತು: ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಪ್ರಕಟಿಸಿತು. ಮರುವರ್ಷ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಅಪರಾಧದ ಸಾಲಿಗೆ ಸೇರಿಸಿದಾಗ, ಸಮಾಜ ಮೊರೆಹೋದದ್ದು ಇದೇ 21, 25ನೆಯ ವಿಧಿಗಳಿಗೆ. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಕೊನೆಯ ವರ್ಷಗಳು

ಕರಡಿನ ಕೆಲಸ ಕೊನೆಯ ಹಂತಕ್ಕೆ ಬರುವ ಮೊದಲೇ ರಾವ್ ವಿಶ್ವಸಂಸ್ಥೆಯ ಕೆಲಸಕ್ಕೆ ಹೊರಟಿದ್ದರು. 1950ರ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಆ ತಿಂಗಳ ಸರದಿಯಂತೆ ಅವರೇ ಇದ್ದರು. ಆ ವರ್ಷದ ಡಿಸೆಂಬರಿನಲ್ಲಿ ಕದನ ವಿರಾಮದ ದಾರಿ ಹುಡುಕಲು ವಿಶ್ವಸಂಸ್ಥೆ ನೇಮಿಸಿದ ಮೂವರಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಜೊತೆ ಅವರೂ ಒಬ್ಬರು. ಪ್ರಯತ್ನ ಆಗ ಫಲಿಸಲಿಲ್ಲ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆರೋಗ್ಯ ಕೆಟ್ಟಿತ್ತು. 1953ರ ನವೆಂಬರ್ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ, 66ನೆಯ ವಯಸ್ಸಿನಲ್ಲಿ ನಿಧನರಾದರು. ರತಿಲಾಲ್ ಪ್ರಕರಣದ ತೀರ್ಪು ಬರಲು ಇನ್ನೂ ನಾಲ್ಕು ತಿಂಗಳಿತ್ತು.

ಅವರ ಟಿಪ್ಪಣಿಗಳು, ವಿದೇಶ ಪ್ರವಾಸದ ವರದಿ, ಸಮಿತಿಗಳಿಗೆ ಬರೆದ ಪತ್ರಗಳು ಕಡತಗಳಲ್ಲೇ ಉಳಿಯುತ್ತಿದ್ದವೇನೋ. ಸಹೋದರ ಶಿವ ರಾವ್ ಅವನ್ನು ಸಂಗ್ರಹಿಸಿ 1960ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ತಂದರು. ಆ ದಶಕದಲ್ಲೇ ಸಂವಿಧಾನ ರಚನೆಯ ಮೂಲ ದಾಖಲೆಗಳ ಐದು ಸಂಪುಟಗಳೂ ಅವರ ಸಂಪಾದಕತ್ವದಲ್ಲಿ ಹೊರಬಂದವು. ಅಂಚೆ ಇಲಾಖೆ 1988ರಲ್ಲಿ ನರಸಿಂಗ ರಾವ್ ಅವರ ಅಂಚೆಚೀಟಿ ಹೊರಡಿಸಿತು.